ಗೋಡೆಯ ಮೇಲೆ ಕಂಡ ಕೈ

ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವವಳಲ್ಲ ನಾನು. ಯಾರಾದರೂ ಬಿಟ್ಟಿ ಎಂದು ಕೂಗಿದರೆ ಅವರ ಬೆನ್ನ ಹಿಂದೆ ಏನಿದೆ ಎಂದು ಮೊದಲು ಇಣುಕಿ ನೋಡುವವಳು. ಹಾಗಾಗಿ ವಿಶ್ವವಿದ್ಯಾಲಯದ ಗೇಟಿನ ಪಕ್ಕ ‘ನಮ್ಮ ವೈಫೈ ಇನ್ನು ಮುಂದೆ ಎಲ್ಲರಿಗೂ’ ಎಂಬ ಬೋರ್ಡು ನೆಟ್ಟ ದಿನ, ಎದುರಿಗಿರುವ ನನ್ನ ಜೆರಾಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತು ನಕ್ಕುಬಿಟ್ಟೆ. ಚುನಾವಣೆ ಹತ್ತಿರ ಬಂದಿರಬೇಕು ಎಂದೆ. ಹುಟ್ಟಿದಾರಭ್ಯ ಈ ವಹಾಕಾ ಪಟ್ಟಣದಲ್ಲೇ ಬಾಳಿದವಳಿಗೆ ಅಷ್ಟಾದರೂ ಅನುಮಾನ ಇರಬೇಕಲ್ಲ.

ಸೆನೋಬಿಯಾ ನಗಲಿಲ್ಲ. ಗೇಟಿನ ಬಳಿ ಕಲ್ಲು ಬೆಂಚಿನ ಮೇಲೆ ತನ್ನ ಬೋಗುಣಿ ಇಟ್ಟುಕೊಂಡು ಕೂತಿದ್ದವಳು ಎದ್ದು ಬಂದು, ಚೌಕುಳಿಯ ಏಪ್ರನ್ನಿಗೆ ಕೈ ಒರೆಸಿಕೊಂಡು, ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದಳು. ಆಮೇಲೆ ಕಾವಲಿನವನನ್ನು ಕೇಳಿದಳು, ಎಲ್ಲರಿಗೂ ಅಂದರೆ ತೆಹಾತೆ ಮಾರುವವರಿಗೂ ಸೇರಿಯೋ ಎಂದು. ಅವನು ಆಕಳಿಸುತ್ತ ಹೂಂ ಎಂದ. ಅಂದು ಮಧ್ಯಾಹ್ನದ ಹೊತ್ತಿಗೆ ಅವಳ ಹಳೆಯ ಫೋನಿಗೆ ವೈಫೈ ಬಂದಿತ್ತು.

ತೆಹಾತೆ ನಮ್ಮ ಬಯಲುಸೀಮೆಯ ಪಾನೀಯ. ಬೂದಿನೀರಿನಲ್ಲಿ ಬೆಂದ ಮುಸುಕಿನ ಜೋಳ, ಹುರಿದ ಕೋಕೋ, ಮಾಮೆ ಹಣ್ಣಿನ ಬೀಜ, ಒಂದು ಬಗೆಯ ಪರಿಮಳದ ಹೂವು, ಇಷ್ಟನ್ನೂ ನುಣ್ಣಗೆ ಅರೆದು, ದೊಡ್ಡ ಮಣ್ಣಿನ ಬೋಗುಣಿಯಲ್ಲಿ ಮೊಳಕೈವರೆಗೆ ಕೈ ಮುಳುಗಿಸಿ ನಾದಬೇಕು. ಆಮೇಲೆ ತಣ್ಣೀರು. ಕೊನೆಗೆ ಸೋರೆಬುರುಡೆಯಲ್ಲಿ ತುಂಬಿ, ಕೈಯನ್ನು ತಲೆಗಿಂತ ಮೇಲೆತ್ತಿ, ಅಲ್ಲಿಂದ ಬೋಗುಣಿಗೆ ಸುರಿಯಬೇಕು. ಕೈ ಎಷ್ಟು ಮೇಲೆ ಹೋದರೆ ನೊರೆ ಅಷ್ಟು ದಪ್ಪ. ಸೆನೋಬಿಯಾ ಬೆಟ್ಟದವಳು, ಇಲ್ಲಿಗೆ ಬಂದ ಮೇಲೆ ಗಂಡನ ಚಿಕ್ಕಮ್ಮನಿಂದ ಇದನ್ನು ಕಲಿತಳು. ಬೆಟ್ಟದವಳ ಕೈಗೆ ನೊರೆ ಎಲ್ಲಿ ಬರಬೇಕು ಎಂದು ಮಾರುಕಟ್ಟೆಯ ಹಳೆಯ ತೆಹಾತೆಯವರು ಮೂಗು ಮುರಿದರು. ಅವಳು ಮಾತಾಡದೆ ಅವರಿಗಿಂತ ಒಂದು ಗೇಣು ಮೇಲೆ ಕೈ ಎತ್ತಿದಳು. ವರ್ಷಗಟ್ಟಲೆ ಎತ್ತಿ ಎತ್ತಿ ಆ ಬಲಗೈ ಅವಳ ಮಾತೇ ಕೇಳದಂತಾಗಿದೆ. ಬಸ್ಸಿನಲ್ಲಿ ತೂಕಡಿಸುವಾಗಲೂ ಅದು ತಾನಾಗಿ ಏಳುವುದನ್ನು, ಪಕ್ಕದವರ ಟೋಪಿ ಬೀಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಮಗಳ ನಾಮಕರಣದಲ್ಲಿ ಮಗುವನ್ನು ಎತ್ತಿಕೊಂಡವಳು ಅವಳೇ. ಹಾಗೆ ಎತ್ತಿಕೊಂಡವಳೂ ಹೆತ್ತವಳೂ ಆವತ್ತಿನಿಂದ ಒಬ್ಬರಿಗೊಬ್ಬರು ಕೊಮಾದ್ರೆ. ಸಂಬಂಧ ಹತ್ತಿರವಾಯಿತು, ಆದರೆ ಬಾಯಿಗೆ ಬೀಗ ಬಿತ್ತು. ಕೊಮಾದ್ರೆಯನ್ನು ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕು, ಅದು ನಮ್ಮಲ್ಲಿಯ ಪದ್ಧತಿ. ಆದ್ದರಿಂದ ಎದುರಿಗೆ ‘ನೀವು’, ಬೆನ್ನ ಹಿಂದೆ ‘ಅವಳು’. ಇದನ್ನು ಬರೆಯುವಾಗ ಅವಳು ಎದುರಿಗಿಲ್ಲ.

ವೈಫೈ ಬಂದ ಮೇಲೆ ಗೇಟಿನ ಮುಂದಿನ ಚಹರೆಯೇ ಬದಲಾಯಿತು. ವೈಫೈಯ ಬಿಳಿ ಡಬ್ಬಿಯನ್ನು ಲೈಬ್ರರಿಯ ಮೂಲೆಗೆ ಬಡಿದಿದ್ದರು. ಅದರ ಪ್ರಸಾದ ಧಾರಾಳವಾಗಿ ಬೀಳುತ್ತಿದ್ದುದು ಸರಿಯಾಗಿ ಸೆನೋಬಿಯಾಳ ಬೆಂಚಿನ ಸುತ್ತ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ವೈಫೈಗೆ ಬಂದವರೆಲ್ಲ ತೆಹಾತೆಗೂ ಬಂದರು. ಆಟೋದವನೊಬ್ಬ ಮುಖವಾಡದ ಕುಸ್ತಿ ನೋಡುತ್ತ ಕೂರುತ್ತಿದ್ದ. ಕರಾವಳಿಯ ಮುದುಕಿಯೊಬ್ಬಳು ದೂರದ ಮೊಮ್ಮಗ ತುತ್ತೂರಿ ಊದುವುದನ್ನು ಕೇಳಿ, ಅವನು ತಪ್ಪಿದಾಗಲೆಲ್ಲ ಗದರುತ್ತಿದ್ದಳು. ಠಾಣೆಯ ಪೊಲೀಸಿನವನು ಕರ್ತವ್ಯದ ನಡುವೆ ಬಂದು, ಗೋಡೆಗೆ ಮುಖ ಮಾಡಿ, ತನ್ನ ಪ್ರೇಯಸಿಯೊಡನೆ ಪಿಸುಗುಡುತ್ತಿದ್ದ. ಹಿಂದೆ ವಿದ್ಯಾರ್ಥಿಗಳಲ್ಲದವರು ಆ ಗೇಟಿನ ಬಳಿ ಜಾಸ್ತಿ ಹೊತ್ತು ನಿಂತರೆ ಕಾವಲಿನವನು ಕೆಮ್ಮುತ್ತಿದ್ದ. ಈಗ ಅವನೇ ಕುಸ್ತಿ ನೋಡಲು ಬಗ್ಗುತ್ತಿದ್ದ. ಇಷ್ಟೆಲ್ಲ ನೋಡಿದ ಮೇಲೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ, ಆದರೆ ನನ್ನ ಅಂಗಡಿಗೂ ಗಿರಾಕಿ ಹೆಚ್ಚಿದ್ದರಿಂದ ಬಾಯಿ ಮುಚ್ಚಿಕೊಂಡೆ.

ಒಂದೇ ಕೊರತೆ. ವಿಶ್ವವಿದ್ಯಾಲಯಕ್ಕೆ ಭಾನುವಾರ ರಜೆ, ಹೊರಗಿನವರ ವೈಫೈಗೂ ರಜೆ.

ಇನ್ನು ಸೆನೋಬಿಯಾಳ ಊರಿನ ಮಾತು. ಯಾಲಾಚಿ ಎಂಬುದು ಅದರ ಹೆಸರು, ಬೆಟ್ಟದ ಒಳಗೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಎಲ್ಲವೂ ಊರಸಭೆಯಲ್ಲೇ ತೀರ್ಮಾನ. ನೀರು, ದಾರಿ, ಶಾಲೆ, ಜಗಳ, ಎಲ್ಲಕ್ಕೂ ಕೈ ಎತ್ತಬೇಕು, ಎಣಿಸಬೇಕು. ಸಭೆಯ ಹಾಜರಿಯಲ್ಲಿ ಹೆಸರಿದ್ದವನೇ ಊರಿನವನು. ಹೆಸರಿರಬೇಕಾದರೆ ಸರದಿ ಬಂದಾಗ ಸಂಬಳವಿಲ್ಲದೆ ಊರ ಕೆಲಸ ಮಾಡಬೇಕು. ಅಲ್ಲಿ ಬಹುಕಾಲ ಗಂಡಸರ ಹೆಸರು ಮಾತ್ರ ಇತ್ತು.

ಅವಳ ಗಂಡ ಎಲಿಗಿಯೊ ಕೋಲು ಹಿಡಿದು ಊರು ಕಾಯುವ ಸರದಿಯ ನಡುವೆ ಜ್ವರದಿಂದ ಸತ್ತ. ಮಣ್ಣಾದ ಮೂರನೆಯ ದಿನ ಸಭೆಯವರು ಕೋಲನ್ನು ವಾಪಸು ಒಯ್ಯಲು ಮನೆಗೆ ಬಂದರೆ, ಸೆನೋಬಿಯಾ ಅದನ್ನು ಹಿಡಿದುಕೊಂಡು ಹೊಸಿಲಲ್ಲಿ ನಿಂತಿದ್ದಳಂತೆ. ಸರದಿ ಮುಗಿದಿಲ್ಲ ಎಂದಳಂತೆ. ಉಳಿದಷ್ಟೂ ತಿಂಗಳು ಅವಳೇ ಬೀದಿ ಬೀದಿಗೆ ಹೋಗಿ ಸಭೆಗೆ ಕರೆದಳು, ಕುಡಿದು ಬಿದ್ದವರನ್ನು ಎತ್ತಿ ಮನೆಗೆ ತಲುಪಿಸಿದಳು, ಸಭಾಮನೆಯ ಮೆಟ್ಟಿಲು ಗುಡಿಸಿದಳು. ವರ್ಷ ಮುಗಿದಾಗ ಅವಳ ಹೆಸರನ್ನು ಬರೆಯದೆ ಅವರಿಗೆ ಗತಿಯಿರಲಿಲ್ಲ. ಗಂಡನ ಹೆಸರಿನ ಬಾಲವಾಗಿ ಅಲ್ಲ, ಬರೀ ಸೆನೋಬಿಯಾ ಎಂದು. ಆಮೇಲೆ ಇನ್ನೂ ನಾಲ್ಕಾರು ಹೆಂಗಸರ ಹೆಸರು ಬಂತು, ಆದರೆ ಮೊದಲನೆಯದು ಇವಳದು.

ಪಟ್ಟಣಕ್ಕೆ ಬಂದ ಮೇಲೂ ಅವಳು ಸಭೆ ಇದ್ದಾಗಲೆಲ್ಲ ಬೋಗುಣಿ ಮಗುಚಿಟ್ಟು ಬಸ್ಸು ಹತ್ತುತ್ತಿದ್ದಳು. ಯಾಕೆ ಈ ಅಲೆದಾಟ ಎಂದು ನಾನೊಮ್ಮೆ ಕೇಳಿ ಬೈಸಿಕೊಂಡಿದ್ದೆ, ಬಹುವಚನದಲ್ಲೇ. ಸಾಲಾಗಿ ಮೂರು ಸಭೆ ತಪ್ಪಿಸಿದವರ ಹೆಸರು ಹೊಡೆದುಹಾಕುವುದು ಅಲ್ಲಿಯ ಕಟ್ಟಳೆ. ಆ ವರ್ಷ ಮೊದಲನೆಯದು ಮೇಷ್ಟರುಗಳ ಮುಷ್ಕರದ ರಸ್ತೆ ತಡೆಯಿಂದ ತಪ್ಪಿತು. ಎರಡನೆಯದಕ್ಕೆ ಅವಳಿಗೇ ಡೆಂಗೀ. ಮೂರನೆಯದು ಸೆಪ್ಟೆಂಬರಿನಲ್ಲಿ. ಅದಕ್ಕೆ ಒಂದು ವಾರ ಇದೆ ಎನ್ನುವಾಗ ಮಳೆಗೆ ಗುಡ್ಡ ಜಾರಿ ಯಾಲಾಚಿಯ ರಸ್ತೆಯನ್ನೇ ಮುಚ್ಚಿಬಿಟ್ಟಿತು.

ಸುದ್ದಿ ಬಂದ ಬೆಳಿಗ್ಗೆ ಅವಳು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಮುಖ ಸಪ್ಪಗಿತ್ತು. ಕೈಯಲ್ಲಿ ಏನೂ ಇಲ್ಲದ್ದರಿಂದ ನನ್ನ ಕಾಗದಗಳನ್ನೇ ಜೋಡಿಸತೊಡಗಿದಳು.

“ಹೋಗ್ಲಿ ಬಿಡಿ ಕೊಮಾದ್ರೆ,” ಎಂದೆ. “ನಿಮ್ಮ ಮನೆ, ಅಂಗಡಿ, ಗಿರಾಕಿ ಎಲ್ಲ ಇಲ್ಲೇ ಇದೆ. ಅಲ್ಲಿ ಹೆಸರು ಇದ್ರೇನು, ಹೋದ್ರೇನು?”

“ನಿಮ್ಮ ಹೆಸರು ನಿಮಗೆ ನಿಮ್ಮಮ್ಮ ಇಟ್ಟಿದ್ದು,” ಎಂದಳು. “ಅಲ್ಲಿರೋದು ನಾನು ದುಡಿದು ಬರೆಸ್ಕೊಂಡಿದ್ದು. ಗುಡ್ಡ ಜಾರ್ತು ಅಂತ ನನ್ನ ಹೆಸರೂ ಜಾರಬೇಕಾ?”

ಆಮೇಲೆ ತನ್ನ ಯೋಚನೆ ಹೇಳಿದಳು. ಊರಿನ ಶಾಲೆಗೆ ಆಕಾಶದ ಮೂಲಕ ಬರುವ ಇಂಟರ್ನೆಟ್ ಇದೆ. ಮೇಷ್ಟ್ರ ಬಳಿ ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ಇದೆ. ಅವರೇ ಸಭೆಯ ಲೆಕ್ಕ ಬರೆಯುವವರೂ ಹೌದು. ಸಭಾಮನೆಯ ಗೋಡೆಯ ಮೇಲೆ ತನ್ನ ಮುಖ ಬರುವ ಹಾಗೆ ಮಾಡಿದರೆ ತಾನೂ ಸಭೆಯಲ್ಲಿ ಇದ್ದ ಹಾಗಲ್ಲವೇ? ಮೇಷ್ಟ್ರು ಒಪ್ಪಿದ್ದಾರೆ, ಅಧ್ಯಕ್ಷ ನೋಡೋಣ ಎಂದಿದ್ದಾನೆ. ಆದರೆ ಅವಳ ಫೋನಿಗೆ ಹಾಕಿಸುವ ದುಡ್ಡಿನ ಇಂಟರ್ನೆಟ್ಟು ಒಂದು ಹಾಡು ಮುಗಿಯುವುದರೊಳಗೆ ಮುಗಿಯುತ್ತದೆ. ಊರಸಭೆಯೋ ಬೆಳಿಗ್ಗೆ ಕೂತರೆ ಹೊತ್ತು ಇಳಿಯುವತನಕ. ಬೇಕಾದದ್ದು ವಿಶ್ವವಿದ್ಯಾಲಯದ ವೈಫೈ. ಸಭೆ ಮಾತ್ರ ಯಾವತ್ತಿದ್ದರೂ ಭಾನುವಾರ.

ವೈಫೈ ನೋಡಿಕೊಳ್ಳುತ್ತಿದ್ದವನು ರೊಸೆಂದೊ ಎಂಬ ಇಂಜಿನಿಯರ್. ಸಣಕಲು ಆಸಾಮಿ, ಮದುವೆಯಾಗಿಲ್ಲ, ಮಧ್ಯಾಹ್ನದ ಊಟವೆಂದರೆ ಸೆನೋಬಿಯಾ ಕೊಡುವ ಒಂದು ಬುರುಡೆ ತೆಹಾತೆಯೇ. ಅವನು ನೊರೆಯಲ್ಲಿ ಮೀಸೆ ಅದ್ದಿಕೊಂಡಿದ್ದ ಸಮಯ ನೋಡಿ ಅವಳು ಮಾತು ತೆಗೆದಳು.

“ಇಂಜಿನಿಯರೇ, ಬೋರ್ಡಲ್ಲಿ ಎಲ್ಲರಿಗೂ ಅಂತ ಬರೆಸಿದ್ದೀರಿ. ಭಾನುವಾರ ಬಂದ್ರೆ ನಾವು ಎಲ್ಲರಲ್ಲಿ ಸೇರಲ್ವಾ?”

ಅವನು ಆಗುವುದೂ ಇಲ್ಲ, ಆಗದಿರುವುದೂ ಇಲ್ಲ, ಮೇಲಿನವರ ಮನಸ್ಸು, ಯಂತ್ರಕ್ಕೂ ವಿಶ್ರಾಂತಿ ಬೇಕು ಎಂದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಇವಳು ಬೇಡಿಕೊಳ್ಳಲಿಲ್ಲ. ಎಲಿಗಿಯೊನ ಕೋಲಿನ ಕಥೆಯನ್ನು ಮೊದಲಿನಿಂದ ಕೊನೆಯತನಕ ಹೇಳಿದಳು. ಅವನು ಬುರುಡೆ ಕೆಳಗಿಟ್ಟು ಕೇಳಿದ. ಎದ್ದು ಹೋಗುವಾಗ ಕುಡಿದದ್ದಕ್ಕೆ ದುಡ್ಡು ಕೊಡಲೂ ಮರೆತ.

ಶುಕ್ರವಾರ ಅವನು ಓಡುತ್ತಲೇ ಬಂದ. ಮೇಲಿನವರನ್ನು ಕೇಳಿದನಂತೆ. ಬೋರ್ಡಿನ ಬಣ್ಣ ಇನ್ನೂ ಒಣಗಿಲ್ಲ, ಇಷ್ಟು ಬೇಗ ಮಾತು ತಪ್ಪುವುದು ಬೇಡ ಎಂದರಂತೆ. ಈ ಭಾನುವಾರದಿಂದಲೇ ಎಲ್ಲರಿಗೂ. ನನಗೆ ನಂಬಲಾಗಲಿಲ್ಲ. ಕಚೇರಿಯೊಂದು ತಾನು ಬರೆದದ್ದನ್ನು ತಾನೇ ಓದಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಸೆನೋಬಿಯಾ ಕಸೂತಿಯ ಕುಪ್ಪಸ ಹಾಕಿಕೊಂಡು, ಜಡೆಗೆ ರಿಬ್ಬನ್ ಕಟ್ಟಿ ಬಂದಳು. ಇವತ್ತು ವ್ಯಾಪಾರ ಇಲ್ಲ ಎಂದಳು. ಹಾಗಾದರೆ ಬೋಗುಣಿ ಯಾಕೆ ತಂದಿರಿ ಎಂದರೆ, ಬರಿಗೈಯಲ್ಲಿ ಕೂತರೆ ಜೀವ ಹೆದರುತ್ತದೆ ಎಂದಳು. ಸಕ್ಕರೆ ಪಾಕದ ಗಡಿಗೆಗೆ ಫೋನನ್ನು ಒರಗಿಸಿಟ್ಟೆವು. ಅದರ ಸಣ್ಣ ಕಿಟಕಿಯಲ್ಲಿ ಅವಳ ಮುಖ, ಹೆಗಲು, ತೋಳು ಕಾಣುವಷ್ಟು ಜಾಗ. ಹೆಚ್ಚಿನ ಜನ ಇರಲಾರರು ಎಂದು ನಾವು ಅಂದುಕೊಂಡಿದ್ದೆವು. ಆದರೆ ಭಾನುವಾರವೂ ವೈಫೈ ಉಂಟಂತೆ ಎಂಬ ಸುದ್ದಿ ಶನಿವಾರವೇ ಹಬ್ಬಿತ್ತು. ಆಟೋದವನು ಹೆಂಡತಿ ಮಕ್ಕಳನ್ನೇ ಕರೆತಂದಿದ್ದ. ಮುದುಕಿ ಬಂದಳು. ಪೊಲೀಸಿನವನು ರಜೆಯಾದ್ದರಿಂದ ಬಣ್ಣದ ಅಂಗಿಯಲ್ಲಿ ಬಂದ. ರೊಸೆಂದೊ ಕೂಡ ತನ್ನ ಕಂಪ್ಯೂಟರ್ ಹಿಡಿದುಕೊಂಡು, ಯಾರೂ ಕರೆಯದಿದ್ದರೂ, ಮಡಚುವ ಕುರ್ಚಿ ತಂದು ಕೂತ.

ಫೋನಿನಲ್ಲಿ ಸಭಾಮನೆ ಕಂಡಿತು. ಬೆಂಚುಗಳು, ಟೋಪಿಗಳು, ಒಂದು ನಾಯಿ. ಅವರ ಬೆಟ್ಟದ ಮಾತು ನನ್ನ ಬಯಲಿನ ಕಿವಿಗೆ ಅರ್ಧ ಮಾತ್ರ ಹೊಗುತ್ತದೆ; ಇಲ್ಲಿ ಹೇಳುತ್ತಿರುವುದರಲ್ಲಿ ಉಳಿದರ್ಧ ಸೆನೋಬಿಯಾ ಆಮೇಲೆ ತಿಳಿಸಿದ್ದು. ಮೇಷ್ಟ್ರು ಹಾಜರಿ ಕೂಗಿದರು. ಅವಳ ಹೆಸರು ಬಂದಾಗ ಇದ್ದೀನಿ ಎಂದಳು. ಬೆಂಚುಗಳ ಮೇಲಿನ ಟೋಪಿಗಳೆಲ್ಲ ಒಟ್ಟಿಗೆ ಗೋಡೆಯ ಕಡೆ ತಿರುಗಿದವು.

ಆಗ ಎದ್ದವನು ಕಾಂದಿದೊ. ಅವನು ಕೆಟ್ಟವನೇನಲ್ಲ, ಊರಿನ ಯಾವ ಸರದಿಯನ್ನೂ ತಪ್ಪಿಸದೆ ಬೆನ್ನು ಬಾಗಿದವನು. ಪಟ್ಟಣ ಸೇರಿದವರು ಅಲ್ಲೇ ನೆರಳಲ್ಲಿ ಕೂತು ಮುಖ ತೋರಿಸಿದರೆ ಹಾಜರಿಯಾಯಿತೆಂದರೆ, ನಾಳೆ ಎಲ್ಲರೂ ಪಟ್ಟಣಕ್ಕೆ ಹೋಗಿ ಮುಖ ತೋರಿಸುತ್ತಾರೆ, ಬುಗ್ಗೆಯ ಕೆಸರು ಎತ್ತಲು ಉಳಿಯುವುದು ನಾನೊಬ್ಬನೇ ಎಂಬುದು ಅವನ ವಾದ. ಕೇಳುತ್ತಿದ್ದ ನನಗೂ ಒಂದು ಕ್ಷಣ ಅವನು ಹೇಳುವುದು ಸರಿ ಎನಿಸಿತು. ಗೋಡೆಯ ಮೇಲಿನದು ನೆರಳು, ನೆರಳಿಗೆ ಹಾಜರಿ ಇಲ್ಲ, ಇದು ಅವಳ ಮೂರನೆಯ ಗೈರುಹಾಜರಿ, ಹೆಸರು ಹೊಡೆಯಿರಿ ಎಂದ. ಮಾತು ಬೆಳೆಯಿತು. ಕೈ ಎತ್ತಿಸೋಣ ಎಂದು ಅಧ್ಯಕ್ಷ ಹೇಳುವಷ್ಟರಲ್ಲಿ ನಮಗೆ ದನಿ ಕೇಳುವುದು ನಿಂತುಹೋಯಿತು.

ಚಿತ್ರ ಬರುತ್ತಿತ್ತು, ಬಾಯಿಗಳು ಆಡುತ್ತಿದ್ದವು, ಸದ್ದಿಲ್ಲ. ಸೆನೋಬಿಯಾ ಫೋನಿನ ಕಡೆಗೆ ಬಾಗಿ ಏನು, ಏನು ಎಂದು ಕೇಳುತ್ತಿದ್ದಳು. ರೊಸೆಂದೊ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ. ಯಂತ್ರ ಸರಿಯಾಗಿದೆ, ಜನ ಜಾಸ್ತಿಯಾದರು ಎಂದ. ಆಮೇಲೆ ಎದ್ದು ನಿಂತು, ಅಷ್ಟು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದವನು, ಕೆಂಪಾಗಿ ಹೇಳಿದ.

“ಕ್ಷಮಿಸ್ಬೇಕು. ಇಲ್ಲಿ ಈಗ ಈ ಅಮ್ಮನ ಹೆಸರು ಉಳಿಯುತ್ತೋ ಹೋಗುತ್ತೋ ಅಂತ ಅವರ ಊರಲ್ಲಿ ಕೈ ಎತ್ತಿಸ್ತಾ ಇದ್ದಾರೆ. ಸ್ವಲ್ಪ ಹೊತ್ತು ಎಲ್ಲರೂ ಬಿಟ್ಟುಕೊಟ್ರೆ…”

ಅವನು ಮುಗಿಸಬೇಕಾಗಿ ಬರಲಿಲ್ಲ. ಆಟೋದವನು ಕುಸ್ತಿಯನ್ನು ಕೊನೆಯ ಸುತ್ತಿನಲ್ಲಿ ನಿಲ್ಲಿಸಿದ. ಮುದುಕಿ ಮೊಮ್ಮಗನಿಗೆ ಊದಿದ್ದು ಸಾಕು, ಮಗ್ಗಿ ಓದು ಎಂದಳು. ಪೊಲೀಸಿನವನು ಪ್ರೇಯಸಿಗೆ ಏನೋ ಹೇಳಿ, ಅವಳು ಬೈದಿರಬೇಕು, ಸಪ್ಪೆ ಮುಖ ಮಾಡಿಕೊಂಡು ಫೋನನ್ನು ಜೇಬಿಗಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ. ಬಿಟ್ಟಿ ಸಿಕ್ಕಿದ್ದನ್ನು ಜನ ಹೀಗೆ ಕೈಯಾರೆ ಬಿಟ್ಟುಕೊಟ್ಟದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ನನ್ನ ಫೋನನ್ನೂ ಆರಿಸಿದೆ.

ಸೆನೋಬಿಯಾ ಅವರನ್ನೆಲ್ಲ ನೋಡಿದಳು. ಏನಾದರೂ ಹೇಳಬೇಕು, ಬಾಯಿ ಬರಲಿಲ್ಲ. ಬಾಯಿ ಬರದಾಗ ಅವಳಿಗೆ ಗೊತ್ತಿರುವುದು ಒಂದೇ. ಬುರುಡೆ ತೆಗೆದುಕೊಂಡಳು, ಬೋಗುಣಿಗೆ ಅದ್ದಿದಳು, ಬಲಗೈಯನ್ನು ಎಂದಿಗಿಂತ ಮೇಲಕ್ಕೆ ಎತ್ತಿದಳು. ನೊರೆ ಬರಲಿ ಎಂದು ಅಲ್ಲೇ ಹಿಡಿದು ಸಣ್ಣಗೆ ಧಾರೆ ಬಿಟ್ಟಳು.

ಅದೇ ಹೊತ್ತಿಗೆ ದನಿ ಮರಳಿತು. ಮೊದಲು ಕೇಳಿದ್ದು ಸಭಾಮನೆಯ ನಗು. ಆಮೇಲೆ ಕಾಂದಿದೊ.

“ನೋಡ್ರಪ್ಪಾ, ಅವಳೇ ಕೈ ಎತ್ತಿದ್ದಾಳೆ. ಅದನ್ನೂ ಸೇರಿಸಿ.”

ಆಗಿದ್ದಿಷ್ಟು. ಗೋಡೆಯ ಮೇಲಿನ ಹಾಜರಿ ಹಾಜರಿಯಲ್ಲ, ಹೆಸರು ಹೊಡೆಯಬೇಕು ಎನ್ನುವವರು ಕೈ ಎತ್ತಿ ಎಂದು ಅಧ್ಯಕ್ಷ ಕೂಗಿದ್ದ. ಎತ್ತಿದ ಕೈಗಳೂ ಎತ್ತದವರೂ ಸರಿಸಮವಾಗಿದ್ದರು. ಆಗ ಗೋಡೆಯ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ಸೆನೋಬಿಯಾಳ ತೋಳು ಎದ್ದಿತ್ತು. ಬುರುಡೆ ಕಿಟಕಿಯ ಆಚೆಗಿತ್ತು, ಅವರಿಗೆ ಕಂಡದ್ದು ಬರೀ ತೋಳು. ತನ್ನ ಹೆಸರು ಹೊಡೆಯಲು ತಾನೇ ಕೈ ಎತ್ತಿದ ಹಾಗಾಗಿತ್ತು.

ವಿಷಯ ತಿಳಿದ ಕೂಡಲೇ ಅವಳ ಮುಖದ ರಕ್ತ ಇಳಿಯಿತು. ಕೈ ಇಳಿಯಲಿಲ್ಲ, ಬುರುಡೆ ಖಾಲಿಯಾಗುವತನಕ ಅದು ಇಳಿಯುವುದಿಲ್ಲ. ನಾನು ಧಾವಿಸಿ ಫೋನನ್ನು ಕಿತ್ತುಕೊಂಡು ಬುರುಡೆ ತೋರಿಸಿದೆ, ಧಾರೆ ತೋರಿಸಿದೆ, ಬೋಗುಣಿಯ ನೊರೆಯಲ್ಲಿ ಅದನ್ನು ಹೆಚ್ಚುಕಡಿಮೆ ಮುಳುಗಿಸಿಯೇಬಿಟ್ಟೆ. ಪರವೂರಿನ ಸಭೆಯಲ್ಲಿ ಬಾಯಿ ಹಾಕಬಾರದು ಎಂಬ ಮರ್ಯಾದೆ ಆಗ ನೆನಪಾಗಲಿಲ್ಲ. ಅವಳು ಕೈ ಎತ್ತಿದ್ದಲ್ಲ, ತೆಹಾತೆ ಹೊಯ್ದದ್ದು ಎಂದು ಕೂಗಿದೆ. ಸಭಾಮನೆಯಲ್ಲಿ ನಗು ಇನ್ನೂ ಜೋರಾಯಿತು. ಕಾಂದಿದೊ ಮಾತ್ರ ಜಗ್ಗಲಿಲ್ಲ.

“ಯಾಕೆ ಎತ್ತಿದ್ರು ಅಂತ ಸಭೆ ಯಾವತ್ತೂ ಕೇಳಿಲ್ಲ. ನಮ್ಮಪ್ಪ ಒಂದ್ಸಲ ಸೊಳ್ಳೆ ಹೊಡೆಯೋಕೆ ಎತ್ತಿದ್ದಕ್ಕೆ ಒಂದು ವರ್ಷ ಊರ ದಾರಿ ಕಾಯೋ ಕೆಲಸ ಮಾಡ್ದ. ಎತ್ತಿದ ಕೈ ಎತ್ತಿದ ಕೈಯೇ. ಬರ್ಕೊಳ್ಳಿ ಮೇಷ್ಟ್ರೇ.”

ಮೇಷ್ಟ್ರು ಬರೆದುಕೊಂಡರು. ಸೆನೋಬಿಯಾ ಬೆಂಚಿನ ಮೇಲೆ ಕುಸಿದಳು.

ಆಗ ಸಭಾಮನೆಯ ಮೂಲೆಯಲ್ಲಿ ಕೋಲೂರಿಕೊಂಡು ತಾತ ಹೆರ್ಮಿಲೊ ಎದ್ದ. ಊರಿನ ಎಲ್ಲ ಸರದಿಗಳನ್ನೂ ಮುಗಿಸಿದ ಹಿರಿಯ. ಅವನು ಎದ್ದರೆ ನಾಯಿ ಕೂಡ ಕೂರುತ್ತದೆ ಎಂದು ಸೆನೋಬಿಯಾ ಹೇಳುತ್ತಾಳೆ.

“ಮೇಷ್ಟ್ರೇ, ಆ ಕೈ ಬರ್ಕೊಂಡ್ರಾ?” ಎಂದು ಕೇಳಿದ.

“ಬರ್ಕೊಂಡೆ ತಾತ.”

“ಯಾರದ್ದು ಅಂತ ಬರೆದ್ರಿ?”

“ಸೆನೋಬಿಯಾ ಅಂತ.”

“ಕಾಂದಿದೊ, ನಿನಗೆ ಒಪ್ಪಿಗೆನಾ?”

“ನಾನೇ ಹೇಳಿದ್ದಲ್ವಾ ತಾತ. ಒಪ್ಪಿಗೆ.”

“ಹಂಗಾದ್ರೆ ಕೇಳು. ಸಭೇಲಿ ಇಲ್ಲದವರ ಕೈನ ನಮ್ಮೂರಲ್ಲಿ ಯಾರೂ ಎಣಿಸಿಲ್ಲ. ನಿಮ್ಮಪ್ಪನ ಕೈ ಎಣಿಸಿದ್ದು ಅವನು ಈ ಬೆಂಚಿನ ಮೇಲೆ ಇದ್ದ ಅಂತ. ಇವಳ ಕೈ ಎಣಿಸಿದ್ದೀಯ ಅಂದ್ಮೇಲೆ ಇವಳು ಸಭೇಲಿ ಇದ್ದಾಳೆ. ಇದ್ದವಳನ್ನ ಇಲ್ಲ ಅಂತ ಹೆಂಗೆ ಹೊಡೀತೀಯ? ಬೇಡಪ್ಪಾ, ಅವಳು ಇಲ್ಲ ಅಂತೀಯ, ಆ ಕೈ ಅಳಿಸು. ಅಳಿಸಿದ್ರೆ ಸರಿಸಮ, ನಿನ್ನ ಮಾತು ಬಿದ್ದುಹೋಯ್ತು. ಯಾವುದು ಬೇಕೋ ಆರಿಸ್ಕೋ.”

ಹೀಗೆ ಹೇಳಿ ಕೂತುಬಿಟ್ಟ. ಕಾಂದಿದೊ ತಾನು ತೋಡಿದ ಗುಂಡಿಯ ಆಳವನ್ನು ತಾನೇ ಅಳೆಯುತ್ತಿದ್ದ. ಕೊನೆಗೆ ಟೋಪಿ ತೆಗೆದು ತಲೆ ಕೆರೆದುಕೊಂಡು, ಬರೆದದ್ದನ್ನು ಅಳಿಸುವ ಅಭ್ಯಾಸ ನಮ್ಮೂರಲ್ಲಿಲ್ಲ, ಇರಲಿ ಬಿಡಿ ಎಂದ. ಸಭಾಮನೆ ಒಟ್ಟಿಗೆ ಗೊಳ್ಳೆಂದಿತು. ಹೆಸರು ಇರುತ್ತದೆ, ಗುಡ್ಡ ಜಾರಿದಾಗ ಗೋಡೆಯ ಮೇಲಿನ ಹಾಜರಿಯೂ ಹಾಜರಿಯೇ ಎಂದು ಅಧ್ಯಕ್ಷ ಹೇಳಿದ.

ಇತ್ತ ಗೇಟಿನ ಮುಂದೆ ನಡೆದದ್ದನ್ನು ಹೇಗೆ ಬರೆಯಲಿ. ಮುದುಕಿ ಪೊಲೀಸಿನವನನ್ನು ಅಪ್ಪಿಕೊಂಡಳು. ಆಟೋದವನು ಹಾರನ್ ಒತ್ತಿ ಹಿಡಿದ. ಯಾಲಾಚಿ ಎಲ್ಲಿದೆ ಎಂದು ಗೊತ್ತಿಲ್ಲದವರೆಲ್ಲ ಯಾಲಾಚಿಯ ಪರವಾಗಿ ಚಪ್ಪಾಳೆ ತಟ್ಟಿದರು. ರೊಸೆಂದೊ ಕನ್ನಡಕ ತೆಗೆದು ಅಂಗಿಗೆ ಒರೆಸುತ್ತಲೇ ಇದ್ದ. ನಾನು ಸೆನೋಬಿಯಾಳನ್ನು ತಬ್ಬಿಕೊಂಡು, ಸಂತೋಷಕ್ಕೆ ಬಾಯಿಗೆ ಬಂದ ಹಾಗೆ ಬೈದೆ, ಒಂದೆರಡು ಏಕವಚನವೂ ಜಾರಿರಬೇಕು. ಅವಳು ಗಮನಿಸಲಿಲ್ಲ. ಸಭೆ ಇನ್ನೂ ಮುಗಿದಿಲ್ಲ, ಸುಮ್ಮನಿರಿ ಎಂದು ಎಲ್ಲರನ್ನೂ ಗದರಿದಳು.

ಮುಂದಿನ ವಿಷಯ ಜಾರಿದ ಗುಡ್ಡ. ಬರುವ ಶನಿವಾರ ಭಾನುವಾರ ತೆಕಿಯೊ, ಅಂದರೆ ಊರೆಲ್ಲ ಸೇರಿ ಕೂಲಿಯಿಲ್ಲದೆ ದುಡಿಯುವುದು. ಊರಿನವರು ಮೇಲಿನಿಂದ ಮಣ್ಣು ತೆಗೆಯಬೇಕು, ಪಟ್ಟಣದಲ್ಲಿರುವವರು ಕೆಳಗಿನಿಂದ. ಹಾಜರಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರೂ, ತಮ್ಮ ತಮ್ಮ ಗುದ್ದಲಿಯೊಂದಿಗೆ. ಮೇಷ್ಟ್ರು ಹೆಸರು ಓದುತ್ತ ಸೆನೋಬಿಯಾಳ ಹತ್ತಿರ ಬಂದರು. ಕಾಂದಿದೊನಿಗೆ ಇನ್ನೂ ಉರಿ ಆರಿರಲಿಲ್ಲ.

“ಗೋಡೆ ಮೇಲಿನ ಕೈ ಗುದ್ದಲಿ ಹಿಡಿಯುತ್ತೇನಮ್ಮಾ?” ಎಂದ.

“ಅದನ್ನ ಗೋಡೆ ಮೇಲೇ ಬಿಟ್ಟು ಬರ್ತೀನಿ ಕಾಂದಿದೊ,” ಎಂದಳು. “ನನ್ನ ಹತ್ರ ಇನ್ನೆರಡಿವೆ.”

ಬಿಟ್ಟಿ ದುಡಿಮೆ ಬಿತ್ತೆಂದು ಇಷ್ಟು ಹಿಗ್ಗಿದವರನ್ನು ನಾನು ನೋಡಿಲ್ಲ. ವಾರವಿಡೀ ಗಿರಾಕಿಗಳಿಗೆಲ್ಲ ಅದೇ ಸುದ್ದಿ, ಶನಿವಾರ ನನಗೆ ತೆಕಿಯೊ ಇದೆ, ನಾನಿರುವುದಿಲ್ಲ ಎಂದು. ಮದುವೆಗೆ ಕರೆ ಬಂದವಳೂ ಹಾಗೆ ಹೇಳಿಕೊಂಡು ತಿರುಗುವುದಿಲ್ಲ. ಗುದ್ದಲಿ ಇರಲಿಲ್ಲ, ವಿಶ್ವವಿದ್ಯಾಲಯದ ತೋಟದವರು ತಮ್ಮದೊಂದನ್ನು ಕೊಟ್ಟರು, ಹೊಸ ಹಿಡಿ ಹಾಕಿಸಿ. ಶನಿವಾರ ಬೆಳಗ್ಗೆ ಅದನ್ನು ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಬಸ್ಸಿನವನು ಗುದ್ದಲಿಗೂ ಟಿಕೆಟ್ ಕೇಳಿದನಂತೆ, ಅದೂ ಊರ ಕೆಲಸಕ್ಕೆ ಹೊರಟಿದೆ ಎಂದಳಂತೆ.

ಆ ಎರಡು ದಿನ ಬೋಗುಣಿ ನನ್ನ ಪಾಲಿಗೆ ಬಂತು. ಕಾಗದ ತಿರುವುವ ಕೈ ನನ್ನದು, ಎಷ್ಟು ಎತ್ತಿದರೂ ನೊರೆ ಬರಲಿಲ್ಲ, ಬಂದದ್ದು ಹೆಗಲು ನೋವು. ರೊಸೆಂದೊ ಒಂದು ಗುಟುಕು ಕುಡಿದು ಇಂದು ಹಸಿವಿಲ್ಲ ಎಂದ. ಹೊಸಬನೊಬ್ಬ ಬಂದು, ವೈಫೈ ಅಮ್ಮ ಎಲ್ಲಿ ಎಂದು ಕೇಳಿದ. ಅವಳಿಗೆ ಆ ಹೆಸರೂ ಬಿದ್ದಿದೆ ಎಂದು ನನಗೆ ಆಗಲೇ ತಿಳಿದದ್ದು.

ಭಾನುವಾರ ಸಂಜೆ ಅವಳು ಬಂದಳು. ಕೂದಲಲ್ಲೂ ಕೆಸರು, ಅಂಗೈ ತುಂಬ ಬೊಬ್ಬೆ. ಅವನ್ನು ಕಾವಲಿನವನಿಗೆ ತೋರಿಸಿದಳು, ಮುದುಕಿಗೆ ತೋರಿಸಿದಳು, ಆಮೇಲೆ ನನ್ನ ಅಂಗಡಿಗೆ ಬಂದು ಕೂತಳು. ಕೆಳಗಿನವರು ಕೆಳಗಿಂದ, ಮೇಲಿನವರು ಮೇಲಿಂದ ತೋಡುತ್ತ, ಇವತ್ತು ಮಧ್ಯಾಹ್ನದ ಹೊತ್ತಿಗೆ ನಡುವಿನ ಮಣ್ಣು ತೆಳುವಾಯಿತಂತೆ. ಆಚೆಯಿಂದ ಒಂದು ಗುದ್ದಲಿ ತೂರಿ ಬಂತು, ಹಿಂದೆಯೇ ಒಂದು ಟೋಪಿ, ಟೋಪಿಯ ಕೆಳಗೆ ಕಾಂದಿದೊನ ಕೆಸರು ಮೆತ್ತಿದ ಮುಖ. ಇವಳನ್ನು ನೋಡಿದ. ನಮಸ್ಕಾರವಿಲ್ಲ, ಮಾತಿಲ್ಲ. ಹಿಂದಕ್ಕೆ ತಿರುಗಿ, ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದನಂತೆ.

“ಮೇಷ್ಟ್ರೇ, ಸೆನೋಬಿಯಾ ಇದ್ದಾಳೆ. ಬರ್ಕೊಳ್ಳಿ.”

ಇದನ್ನು ಹೇಳಿ ಅವಳು ಬೊಬ್ಬೆಯ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

“ಅಲ್ಲೇ ಅತ್ತುಬಿಟ್ಟೆ ಕೊಮಾದ್ರೆ,” ಎಂದಳು.

“ಅವನ ಮುಂದೇನಾ?”

“ಅವನ ಮುಂದೇನೇ. ಅವನು ಕುಡಿಯೋಕೆ ನೀರು ಕೊಟ್ಟ.”